ದಪ್ಪ ಸೆರಿಫ್ ಹೆಡ್‌ಲೈನಿನಲ್ಲಿ ತೆಳು ಗೆರೆ ಮಾಯವಾಗುತ್ತಿದೆ. ಇನ್ನೂ ದಪ್ಪ ಮಾಡಿದರೆ ಸರಿಹೋಗುತ್ತದಾ?

ಪುಟಗಾರ್ತಿ

ನಮಸ್ಕಾರ ಎಲ್ಲರಿಗೂ. ಮೂರು ತಿಂಗಳಿಗೊಮ್ಮೆ ಬರುವ ಒಂದು ಇಂಗ್ಲಿಷ್ ಪತ್ರಿಕೆಗೆ ಪುಟವಿನ್ಯಾಸ ಮಾಡುತ್ತಿದ್ದೇನೆ. ಉದ್ದುದ್ದ ಪ್ರಬಂಧಗಳು, ಒಂದೆರಡು ಸಂದರ್ಶನ, ಪುಟ ತುಂಬುವ ಫೋಟೋಗಳು. ಅಚ್ಚಿನಲ್ಲೂ ಬರುತ್ತದೆ, ವೆಬ್‌ನಲ್ಲೂ ಬರುತ್ತದೆ. ಕಾಗದ ಹೊಳಪಿಲ್ಲದ್ದು, ಅನ್‌ಕೋಟೆಡ್.

ಹೆಡ್‌ಲೈನಿಗೆ ದಪ್ಪ ಗೆರೆ, ತೆಳು ಗೆರೆ ಎರಡೂ ಎದ್ದು ಕಾಣುವ ಸೆರಿಫ್ (ಗೆರೆಗಳ ತುದಿಯಲ್ಲಿ ಪುಟ್ಟ ಪಾದಗಳಿರುವ ಅಕ್ಷರ) ಬೇಕು ಎಂದು ಮೊದಲೇ ತೀರ್ಮಾನವಾಗಿದೆ. ಅಬ್ರಿಲ್ ಫ್ಯಾಟ್‌ಫೇಸ್ ಎಂಬ ಫಾಂಟ್ ಹಾಕಿ ನೋಡಿದೆ. ಮುಖಪುಟದಲ್ಲಿ 96 ಪಾಯಿಂಟಿಗೆ ಬಲು ಚೆನ್ನಾಗಿದೆ. ಅದನ್ನೇ ಒಳಪುಟದ ಪುಲ್‌ಕೋಟಿಗೆ, ಅಂದರೆ ಲೇಖನದಿಂದ ಎತ್ತಿ ದೊಡ್ಡದಾಗಿ ತೋರಿಸುವ ಸಾಲಿಗೆ, 18 ಪಾಯಿಂಟಿನಲ್ಲಿ ಇಟ್ಟರೆ ಕಥೆ ಬೇರೆ. ಸಣ್ಣ ‘ಇ’ ಅಕ್ಷರದ ಅಡ್ಡಗೆರೆ ಅಲ್ಲಲ್ಲಿ ಮಾತ್ರ ಕಾಣುತ್ತದೆ. ‘ಎನ್’ ಅಕ್ಷರದ ಎರಡು ಕಂಬಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ನಿಂತಿವೆ. ಫೋಟೋ ಮೇಲೆ ಬಿಳಿಯಲ್ಲಿ ಹಾಕಿದ ಕಡೆ ಇನ್ನೂ ಕಷ್ಟ. ಮೊಬೈಲಿನಲ್ಲಿ 20 ಪಿಕ್ಸೆಲಿಗೆ ಬರೀ ಕಪ್ಪು ಕಂಬಗಳ ಸಾಲು.

ಸಂಪಾದಕರು ಪ್ರೂಫ್ ನೋಡಿ, "ತೆಳ್ಳಗೆ ಕಾಣ್ತಿದೆ, ಇನ್ನೂ ದಪ್ಪ ಮಾಡಿ" ಅಂದರು. ಅಬ್ರಿಲ್ ಫ್ಯಾಟ್‌ಫೇಸಿನಲ್ಲಿ ಇರುವುದೇ ಒಂದು ತೂಕ, ಅಂದರೆ ದಪ್ಪದ ಒಂದೇ ಮಟ್ಟ. ಹಾಗಾಗಿ ಬೇರೆ ಯಾವುದಾದರೂ ಫಾಂಟಿನ ಬ್ಲ್ಯಾಕ್ ಎಂಬ ಅತಿ ದಪ್ಪ ತೂಕಕ್ಕೆ ಹೋಗಬೇಕು. ಹೋದರೆ ಈ ತೊಂದರೆ ನಿಲ್ಲುತ್ತದಾ? ಉಚಿತ ಲೈಸೆನ್ಸಿನದ್ದಾದರೆ ಒಳ್ಳೆಯದು. ಇಲ್ಲವಾದರೂ ಪರವಾಗಿಲ್ಲ, ಹೇಳಿ.

---

ಹಳೇ ಮೊಳೆ

ನಿಲ್ಲುವುದಿಲ್ಲ. ಜಾಸ್ತಿಯಾಗುತ್ತದೆ.

ಈ ಜಾತಿಯ ಫಾಂಟುಗಳಲ್ಲಿ ತೂಕ ಏರಿಸಿದಾಗ ದಪ್ಪಗಾಗುವುದು ಕಂಬ. ತೆಳು ಗೆರೆ, ಅಂದರೆ ಹೇರ್‌ಲೈನ್, ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ರೆಗ್ಯುಲರಿನಿಂದ ಬ್ಲ್ಯಾಕಿಗೆ ಹೋದರೆ ಕಂಬ ಎರಡು ಪಟ್ಟಾದರೂ ಹೇರ್‌ಲೈನ್ ಒಂದಿಷ್ಟೇ ಅಲುಗಾಡುತ್ತದೆ. ಜೊತೆಗೆ ಕಂಬ ಕಪ್ಪಾದಷ್ಟೂ ಪಕ್ಕದ ತೆಳು ಗೆರೆ ಕಣ್ಣಿಗೆ ಇನ್ನೂ ಸಣಕಲಾಗಿ ಕಾಣುತ್ತದೆ. ಅಕ್ಷರದ ಒಳಗಿನ ಬಿಳಿ ಜಾಗವೂ ಕಿರಿದಾಗುತ್ತದೆ. ಸಂಪಾದಕರು ನೋಡಿದ ತೊಂದರೆ ನಿಜ. ಅವರು ಹೇಳಿದ ಮದ್ದು ತಪ್ಪು.

ಲೆಕ್ಕ ಹಾಕಿ ನೋಡೋಣ. ಒಂದು ಫಾಂಟ್ 1000 ಯೂನಿಟ್ಟಿನ ಚೌಕದಲ್ಲಿ ಬರೆದದ್ದು ಎಂದುಕೊಳ್ಳಿ. ಕಂಬ 200 ಯೂನಿಟ್, ಹೇರ್‌ಲೈನ್ 20. ಮುಖಪುಟದ 96 ಪಾಯಿಂಟಿನಲ್ಲಿ ಕಂಬ 19.2 ಪಾಯಿಂಟ್, ಹೇರ್‌ಲೈನ್ 1.92 ಪಾಯಿಂಟ್. ಯಾವ ಮುದ್ರಣಕ್ಕೂ ಇದು ಕಷ್ಟವಲ್ಲ. ಅದೇ 18 ಪಾಯಿಂಟಿಗೆ ಇಳಿಸಿದರೆ ಕಂಬ 3.6, ಹೇರ್‌ಲೈನ್ 0.36. ಮಿಲಿಮೀಟರಿನಲ್ಲಿ ಹೇಳಿದರೆ ಸುಮಾರು 0.127. ಬಿಳಿ ಕಾಗದದ ಮೇಲೆ ಅಚ್ಚ ಕಪ್ಪಿನಲ್ಲಿ ಹೊಡೆದರೆ ಹೇಗೋ ಉಳಿದುಕೊಳ್ಳುತ್ತದೆ. ಫೋಟೋ ಮೇಲೆ ಬಿಳಿ ಅಕ್ಷರ ಅಂದರೆ ಹಾಗಲ್ಲ. ನಾಲ್ಕು ಬಣ್ಣಕ್ಕೆ ಒಂದೊಂದರಂತೆ ಇರುವ ನಾಲ್ಕೂ ಅಚ್ಚು ಪ್ಲೇಟಿನಲ್ಲಿ ಆ ಗೆರೆಯಷ್ಟು ಜಾಗ ಖಾಲಿ ಬಿಟ್ಟಿರುತ್ತದೆ. ಒಂದು ಪ್ಲೇಟ್ 0.1 ಮಿಲಿಮೀಟರ್ ಸರಿದರೂ ಬಿಳಿಗೆರೆಯ ಬಹುಭಾಗಕ್ಕೆ ಬಣ್ಣ ಹತ್ತಿತು. ಉಳಿದದ್ದನ್ನು ಅನ್‌ಕೋಟೆಡ್ ಕಾಗದ ಮುಗಿಸುತ್ತದೆ. ಅದರಲ್ಲಿ ಇಂಕು ಹರಡಿಕೊಳ್ಳುತ್ತದೆ. ಕಪ್ಪು ಗೆರೆ ಹರಡಿದರೆ ಸ್ವಲ್ಪ ದಪ್ಪವಾಗುತ್ತದೆ, ಬಿಳಿ ಗೆರೆಯ ಅಕ್ಕಪಕ್ಕ ಹರಡಿದರೆ ಗೆರೆಯೇ ಮುಚ್ಚಿಹೋಗುತ್ತದೆ. ಮೊಬೈಲಿನಲ್ಲಿ 20 ಪಿಕ್ಸೆಲಿಗೆ ಹೇರ್‌ಲೈನ್ 0.4 ಪಿಕ್ಸೆಲ್. ಅರ್ಧ ಪಿಕ್ಸೆಲ್‌ಗಿಂತ ಕಡಿಮೆ ಇರುವ ಗೆರೆಯನ್ನು ಪರದೆ ಕಪ್ಪಾಗಿ ತೋರಿಸಲು ಆಗದು, ಬೂದು ಬಣ್ಣ ಬಳಿದು ಸುಮ್ಮನಾಗುತ್ತದೆ. ಒಳ್ಳೆಯ ಪರದೆಯಿರುವ ಫೋನಿನಲ್ಲಿ ಸ್ವಲ್ಪ ವಾಸಿ, ಅಷ್ಟೇ.

ಇದು ಹೊಸ ತೊಂದರೆಯೇನಲ್ಲ. ಅಗಲ ನಿಬ್ಬಿನ ಪೆನ್ನಿನಲ್ಲಿ ದಪ್ಪ, ತೆಳು ಬರುವುದು ನಿಬ್ಬಿನ ಕೋನದಿಂದ. ಮೊನೆ ನಿಬ್ಬಿನ ಪೆನ್ನಿನಲ್ಲಿ ಒತ್ತಿದರೆ ದಪ್ಪ, ಬಿಟ್ಟರೆ ಕೂದಲೆಳೆ. ಹದಿನೆಂಟನೇ ಶತಮಾನದಲ್ಲಿ ಬರವಣಿಗೆ ಮೊನೆ ನಿಬ್ಬಿನ ಕಡೆ ಹೊರಳಿತು, ಅಚ್ಚುಮೊಳೆಯೂ ಅದರ ಹಿಂದೆಯೇ ಹೋಯಿತು. ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್ 1757ರಲ್ಲಿ ವರ್ಜಿಲನ ಕೃತಿಯನ್ನು ಅಚ್ಚು ಹಾಕಿದಾಗ ಮೊಳೆ ಮಾತ್ರ ಹೊಸದಾಗಿರಲಿಲ್ಲ. ನುಣುಪಾದ ವೋವ್ ಕಾಗದ ಬಳಸಿದ, ಹೆಚ್ಚು ಕಪ್ಪಾದ ಇಂಕು ಮಾಡಿಕೊಂಡ, ಅಚ್ಚಾದ ಹಾಳೆಯನ್ನು ಬಿಸಿ ತಗಡುಗಳ ನಡುವೆ ಒತ್ತಿ ನಯ ಮಾಡಿದ. ತೆಳು ಗೆರೆ ಬೇಕು ಅಂದರೆ ಕಾಗದ, ಇಂಕು ಎರಡನ್ನೂ ಬದಲಿಸಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ನಿಮ್ಮ ಅನ್‌ಕೋಟೆಡ್ ಕಾಗದದ ಗೋಳು ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಆಮೇಲೆ ಪ್ಯಾರಿಸಿನಲ್ಲಿ ಫಿರ್ಮಿನ್ ದಿದೋ, ಪಾರ್ಮಾದಲ್ಲಿ ಜಾಂಬತಿಸ್ತ ಬೊದೋನಿ ಇದನ್ನು ತುದಿಗೆ ಕೊಂಡೊಯ್ದರು. ನೆಟ್ಟಗಿನ ಕಂಬ, ಕೂದಲೆಳೆ ಸೆರಿಫ್, ಎರಡರ ನಡುವೆ ಬಳುಕು ಇಲ್ಲ. ಈ ಶೈಲಿಗಿರುವ ಡಿಡೋನ್ ಎಂಬ ಹೆಸರು ಈ ಇಬ್ಬರ ಹೆಸರನ್ನೂ ಸೇರಿಸಿ ಆದದ್ದು. ಬೊದೋನಿ ತೀರಿಕೊಂಡದ್ದು 1813ರಲ್ಲಿ. ಅವನ ದೊಡ್ಡ ಮಾದರಿ ಪುಸ್ತಕ ‘ಮಾನ್ವಾಲೆ ತಿಪೊಗ್ರಾಫಿಕೊ’ 1818ರಲ್ಲಿ ಬಂತು, ಹೊರತಂದವಳು ಅವನ ಹೆಂಡತಿ. ಅಲ್ಲಿ ಗಮನಿಸಬೇಕಾದ್ದು ಅಕ್ಷರದ ಅಂದ ಅಷ್ಟೇ ಅಲ್ಲ. ಒಂದೇ ಶೈಲಿಯ ಅಕ್ಷರವನ್ನು ಎಷ್ಟೊಂದು ಅಳತೆಗಳಲ್ಲಿ ಬೇರೆ ಬೇರೆಯಾಗಿ ಕೊರೆದಿದ್ದಾನೆ ನೋಡಿ. ಲೋಹದ ಕಾಲದಲ್ಲಿ ಪ್ರತಿ ಅಳತೆಗೂ ಪಂಚ್, ಅಂದರೆ ಅಕ್ಷರ ಕೊರೆದ ಉಕ್ಕಿನ ಅಚ್ಚು, ಬೇರೆ. ಸಣ್ಣ ಅಳತೆಗೆ ಕೊರೆಯುವಾಗ ತೆಳು ಗೆರೆಯನ್ನು ಸ್ವಲ್ಪ ದಪ್ಪ ಮಾಡುತ್ತಿದ್ದರು, ಅಕ್ಷರ ಅಗಲ ಮಾಡುತ್ತಿದ್ದರು, ನಡುವೆ ಜಾಗ ಜಾಸ್ತಿ ಬಿಡುತ್ತಿದ್ದರು. ಪ್ಯಾಂಟೋಗ್ರಾಫ್ ಯಂತ್ರ ಬಂದ ಮೇಲೆ ಒಂದೇ ಚಿತ್ರದಿಂದ ಹಲವು ಅಳತೆ ಕೊರೆಯುವುದು ಸಾಧ್ಯವಾಯಿತು. ಫೋಟೋಟೈಪ್‌ನಲ್ಲಿ ಲೆನ್ಸ್ ತಿರುಗಿಸಿದರೆ ಮುಗಿಯಿತು. ಕಂಪ್ಯೂಟರಿನಲ್ಲಂತೂ ಮೂಲೆ ಹಿಡಿದು ಎಳೆದರೆ ಸಾಕು. ನೀವು ಮಾಡಿದ್ದೂ ಅದೇ. 96ಕ್ಕೆ ಬರೆದ ಅಕ್ಷರವನ್ನು 18ಕ್ಕೆ ಎಳೆದಿದ್ದೀರಿ.

ಈ ಜ್ಞಾನವನ್ನು ಡಿಜಿಟಲ್ಲಿಗೆ ಮರಳಿ ತಂದದ್ದರಲ್ಲಿ ನನಗೆ ಬಲು ಇಷ್ಟವಾದದ್ದು ಎಚ್‌ಟಿಎಫ್ ದಿದೋ. ಹಾರ್ಪರ್ಸ್ ಬಜಾರ್ ಪತ್ರಿಕೆಯ ಹೊಸ ವಿನ್ಯಾಸಕ್ಕಾಗಿ ಜೋನಥನ್ ಹೋಫ್ಲರ್ 1990ರ ದಶಕದ ಶುರುವಿನಲ್ಲಿ ಮಾಡಿದ್ದು. ಏಳು ಅಳತೆಗೆ ಏಳು ಚಿತ್ರ: 6, 11, 16, 24, 42, 64, 96. ಹೆಡ್‌ಲೈನ್ 24 ಆಗಲಿ 96 ಆಗಲಿ, ಸರಿಯಾದ ಕಟ್ (ಆ ಅಳತೆಗೆಂದು ಬರೆದ ಚಿತ್ರ) ಆರಿಸಿಕೊಂಡರೆ ಪುಟದ ಮೇಲೆ ಹೇರ್‌ಲೈನ್ ಒಂದೇ ದಪ್ಪ ಬರಬೇಕು ಎಂಬುದು ಅದರ ಹಿಂದಿನ ಯೋಚನೆ. ಭೂತಗನ್ನಡಿ ಹಿಡಿದು ನೋಡಿದರೆ ಬಾಯಿ ಮುಚ್ಚಿಕೊಳ್ಳುವಷ್ಟು ಚೆನ್ನಾಗಿದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಫಾಂಟ್ ಆರಿಸುವಾಗ ಎಷ್ಟು ದಪ್ಪ ಇದೆ ಎಂದು ನೋಡಬೇಡಿ. ಅದನ್ನು ಬಳಸುವ ಅತಿ ಸಣ್ಣ ಅಳತೆ ಯಾವುದು ಎಂದು ಮೊದಲು ಬರೆದುಕೊಳ್ಳಿ. ಆ ಅಳತೆಯಲ್ಲಿ ಹೇರ್‌ಲೈನ್ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ. ಕಪ್ಪಿನ ಮೇಲೆ ಬಿಳಿಯಾದರೆ ಅರ್ಧ ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ಬಿಳಿ ಮೇಲೆ ಕಪ್ಪಾದರೆ ಕಾಲು ಪಾಯಿಂಟ್ ತನಕ ಹೋಗಬಹುದು, ಆದರೆ ನಿಮ್ಮ ಕಾಗದಕ್ಕೆ ನಾನಾದರೆ ಅಷ್ಟು ಧೈರ್ಯ ಮಾಡುವುದಿಲ್ಲ.

ಉಚಿತವಾದವುಗಳಲ್ಲಿ ಮೂರು ದಾರಿ ಇವೆ. ಬೊದೋನಿ ಮೋಡಾ: ಓವನ್ ಅರ್ಲ್ ಮಾಡಿದ್ದು, ವೇರಿಯಬಲ್ ಫಾಂಟ್ (ಒಂದೇ ಫೈಲಿನಲ್ಲಿ ರೂಪ ಬದಲಿಸಬಹುದಾದದ್ದು), ಅಳತೆಗೆ ತಕ್ಕಂತೆ ಅಕ್ಷರದ ಚಿತ್ರ ಬದಲಿಸುವ ಆಪ್ಟಿಕಲ್ ಸೈಜ್ ಅಕ್ಷ 6ರಿಂದ 96ರ ತನಕ ಇದೆ. ಪ್ಲೇಫೇರ್: ಕ್ಲಾಸ್ ಎಗ್ಗರ್ಸ್ ಸೋರೆನ್‌ಸೆನ್ ಅವರದ್ದು. 2011ರ ಪ್ಲೇಫೇರ್ ಡಿಸ್‌ಪ್ಲೇ ಎಲ್ಲರಿಗೂ ಗೊತ್ತಿರುವುದು. ಅದಾದ ಮೇಲೆ ಬಂದ, ಬರೀ ‘ಪ್ಲೇಫೇರ್’ ಎಂಬ ಹೆಸರಿನದ್ದನ್ನು ತೆಗೆದುಕೊಳ್ಳಿ, ಅದರಲ್ಲಿ ಆಪ್ಟಿಕಲ್ ಅಕ್ಷ 5ರಿಂದ 1200. ಮೂರನೆಯದು ಡಿಎಂ ಸೆರಿಫ್. ಅದು ವೇರಿಯಬಲ್ ಅಲ್ಲ, ತೂಕವೂ ಒಂದೇ. ಆದರೆ ಡಿಎಂ ಸೆರಿಫ್ ಡಿಸ್‌ಪ್ಲೇ, ಡಿಎಂ ಸೆರಿಫ್ ಟೆಕ್ಸ್ಟ್ ಎಂದು ಎರಡು ಬೇರೆ ಫಾಂಟ್ ಇವೆ. ಟೆಕ್ಸ್ಟ್‌ನಲ್ಲಿ ತೆಳು ಗೆರೆ ಗಟ್ಟಿ. ಹೆಡ್‌ಲೈನಿಗೆ ಅದು, ಪುಲ್‌ಕೋಟಿಗೆ ಇದು. ಓದುಗರಿಗೆ ಎರಡೂ ಒಂದೇ ಎನಿಸುತ್ತದೆ.

ಅಬ್ರಿಲ್ ಮೇಲೇ ಪ್ರೀತಿ ಇದ್ದರೆ, ಟೈಪ್‌ಟುಗೆದರ್ ಅವರ ಪೂರ್ತಿ ಅಬ್ರಿಲ್ ಕುಟುಂಬದಲ್ಲಿ ಡಿಸ್‌ಪ್ಲೇ, ಟೆಕ್ಸ್ಟ್ ಬೇರೆ ಬೇರೆ ಇವೆ. ಉಚಿತವಾಗಿ ಸಿಗುವುದು ಫ್ಯಾಟ್‌ಫೇಸ್ ಒಂದೇ.

---

ಕೆಂಪು ಪೆನ್

ಹಳೇ ಮೊಳೆಯವರ ಲೆಕ್ಕ ಸರಿ, ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ ಅಲ್ವಾ? ಪ್ರಬಂಧ ಪತ್ರಿಕೆಗೆ ಡಿಡೋನ್ ಯಾಕೆ ಬೇಕು? ವೋಗ್, ಹಾರ್ಪರ್ಸ್ ಬಜಾರ್ ಥರದ ಫ್ಯಾಷನ್ ಪತ್ರಿಕೆ ನೋಡಿ ನೋಡಿ ಈ ಅಕ್ಷರ ಕಂಡ ತಕ್ಷಣ ಸುಗಂಧದ ಜಾಹೀರಾತು ನೆನಪಾಗುತ್ತದೆ. ಗಂಭೀರ ಬರಹಕ್ಕೆ ಈ ಉಡುಪು ಒಪ್ಪುವುದಿಲ್ಲ. ಜೊತೆಗೆ ಎರಡು ಸಾಲಿಗಿಂತ ಉದ್ದದ ಹೆಡ್‌ಲೈನ್ ಆದರೆ ಕಣ್ಣು ಕುಕ್ಕುತ್ತದೆ. ನಮ್ಮಲ್ಲಿ ಬರುವ ಪ್ರಬಂಧಗಳ ಶೀರ್ಷಿಕೆ ಒಂಬತ್ತು ಹತ್ತು ಪದ ಇರುತ್ತವೆ.

ನನ್ನ ಆಯ್ಕೆ ನೋಯ್ ಡಿಸ್‌ಪ್ಲೇ. ಶಿಕ್ ಟೊಯ್ಕಾ ಫೌಂಡ್ರಿಯದ್ದು (ಫಾಂಟ್ ತಯಾರಿಸುವ ಸಂಸ್ಥೆ), ದುಡ್ಡು ಕೊಡಬೇಕು. ಕಾಂಟ್ರಾಸ್ಟ್, ಅಂದರೆ ದಪ್ಪ ಗೆರೆಗೂ ತೆಳು ಗೆರೆಗೂ ಇರುವ ವ್ಯತ್ಯಾಸ, ಜಾಸ್ತಿಯೇ ಇದೆ, ಆದರೆ ಸೆರಿಫ್‌ಗಳು ಕೂದಲೆಳೆ ಅಲ್ಲ, ಚೂಪಾದ ತ್ರಿಕೋನಗಳು. ಬುಡದಲ್ಲಿ ಅಗಲ, ತುದಿಯಲ್ಲಿ ಮೊನೆ. ತುದಿ ಸ್ವಲ್ಪ ಸವೆದರೂ ಅಕ್ಷರ ಬೀಳುವುದಿಲ್ಲ. ಕ್ಲಿಮ್ ಅವರ ಡೊಮೇನ್ ಡಿಸ್‌ಪ್ಲೇ, ಗ್ರಿಲ್ಲಿ ಟೈಪ್‌ನ ಜಿಟಿ ಸೂಪರ್ ಕೂಡ ನೋಡಿ. ಯಾವುದೂ ಫ್ಯಾಷನ್ ಪುಟದ ವಾಸನೆ ಹೊಡೆಯುವುದಿಲ್ಲ.

---

ಹಳೇ ಮೊಳೆ

ತ್ರಿಕೋನ ಸೆರಿಫ್ ಬಗ್ಗೆ ಹೇಳಿದ್ದು ಒಳ್ಳೆಯ ಮಾತು, ನಾನೇ ಹೇಳಬೇಕಿತ್ತು. ಆದರೆ ಒಂದು ಗಮನಿಸಿ. ಅಲ್ಲಿ ಸೆರಿಫ್ ಉಳಿಯುತ್ತದೆ, ‘ಇ’ಯ ಅಡ್ಡಗೆರೆ ತೆಳುವೇ. ಪುಲ್‌ಕೋಟಿನ ತೊಂದರೆ ಅರ್ಧ ಮಾತ್ರ ನೀಗುತ್ತದೆ.

ಫ್ಯಾಷನ್ ವಾಸನೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ತೆಳ್ಳನೆಯ ದಿದೋ ಉದ್ದಕ್ಕೆ ನಿಂತರೆ ಹೌದು, ಫ್ಯಾಷನ್. ದಪ್ಪದ್ದರ ಹುಟ್ಟೇ ಬೇರೆ. ಫ್ಯಾಟ್ ಫೇಸ್ ಬಂದದ್ದು ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ, ಲಂಡನ್ನಿನಲ್ಲಿ, ಗೋಡೆಗೆ ಅಂಟಿಸುವ ಭಿತ್ತಿಪತ್ರಕ್ಕೆ. ರಾಬರ್ಟ್ ಥಾರ್ನ್ ಎಂಬ ಮೊಳೆ ಕೊರೆಯುವವನ ಹೆಸರನ್ನು ಅದಕ್ಕೆ ಜೋಡಿಸುತ್ತಾರೆ. ನಾಟಕ, ಹರಾಜು, ಲಾಟರಿ, ಎಲ್ಲಕ್ಕೂ ಅದೇ ಅಕ್ಷರ. ಥಾರ್ನ್ 1820ರಲ್ಲಿ ಸತ್ತ ಮೇಲೆ ಅವನ ಫೌಂಡ್ರಿಯನ್ನು ಕೊಂಡವನು ವಿಲಿಯಂ ಥೊರೊಗುಡ್. ಕೊಂಡದ್ದು ಲಾಟರಿಯಲ್ಲಿ ಗೆದ್ದ ದುಡ್ಡಿನಿಂದಂತೆ! ಬೀದಿಯಲ್ಲಿ ಕೂಗುವ ಅಕ್ಷರ ಅದು. 1928ರ ಅಲ್ಟ್ರಾ ಬೊದೋನಿ, ಮರುವರ್ಷದ ಪೋಸ್ಟರ್ ಬೊದೋನಿ ಎಲ್ಲ ಆ ವಂಶದ್ದೇ. ಪುಟಗಾರ್ತಿಯವರು ಅಬ್ರಿಲ್ ಫ್ಯಾಟ್‌ಫೇಸ್ ಆರಿಸಿದ್ದು ಸುಗಂಧಕ್ಕಲ್ಲ, ಕೂಗಿಗೆ ಎಂದುಕೊಂಡಿದ್ದೇನೆ.

ಕಣ್ಣು ಕುಕ್ಕುತ್ತದೆ ಅನ್ನುವ ದೂರಿಗೂ ವಯಸ್ಸಾಗಿದೆ. ಬಾಸ್ಕರ್‌ವಿಲ್ ಮೊಳೆ ಓದುಗರನ್ನು ಕುರುಡು ಮಾಡುತ್ತದೆ ಎಂದು ಒಬ್ಬ ಬೆಂಜಮಿನ್ ಫ್ರಾಂಕ್ಲಿನ್ ಮುಂದೆ ವಾದಿಸಿದನಂತೆ. ಫ್ರಾಂಕ್ಲಿನ್ ಒಳಗೆ ಹೋಗಿ ಕ್ಯಾಸ್ಲನ್ ಮೊಳೆಯ ಮಾದರಿ ಹಾಳೆ ತಂದು, ಇದು ಬಾಸ್ಕರ್‌ವಿಲ್‌ನದ್ದು ಎಂದು ಕೈಗಿಟ್ಟ. ಆ ಮನುಷ್ಯ ಒಂದೊಂದೇ ಅಕ್ಷರ ತೋರಿಸಿ ಕಣ್ಣುನೋವಿನ ಕಾರಣ ವಿವರಿಸಿದ. ಫ್ರಾಂಕ್ಲಿನ್ ಇದನ್ನು ಬಾಸ್ಕರ್‌ವಿಲ್‌ಗೇ ಕಾಗದ ಬರೆದು ತಿಳಿಸಿದ್ದಾನೆ.

ಹಾಗಂತ ಕೆಂಪು ಪೆನ್ ಅವರ ಮಾತನ್ನು ತಳ್ಳಿಹಾಕುತ್ತಿಲ್ಲ. ಹತ್ತು ಪದದ ಶೀರ್ಷಿಕೆಗೆ ಫ್ಯಾಟ್ ಫೇಸ್ ಭಾರವಾಗುತ್ತದೆ. ಅದು ಮೂರು ನಾಲ್ಕು ಪದದ ಅಕ್ಷರ. ಶೀರ್ಷಿಕೆ ಉದ್ದ ಇದ್ದರೆ ಸೆಮಿಬೋಲ್ಡಿಗೆ ಇಳಿಯಿರಿ. ಅಥವಾ ಶೀರ್ಷಿಕೆ ಕತ್ತರಿಸಿ, ಕೆಂಪು ಪೆನ್ ಇರುವುದು ಅದಕ್ಕೇ ಅಲ್ವಾ?

---

ಕೆಂಪು ಪೆನ್

ಕತ್ತರಿಸುವುದು ಲೇಖಕರಿಗೆ ಗೊತ್ತಾಗದ ಹಾಗೆ ಮಾಡಬೇಕು, ಅದೇ ಕಷ್ಟ. ಫ್ರಾಂಕ್ಲಿನ್ ಕಥೆ ಚೆನ್ನಾಗಿದೆ. ಆದರೂ ನನಗೆ ಕಣ್ಣು ಕುಕ್ಕುತ್ತದೆ.

---

ಬ್ರೌಸರ್‌ವಾಸಿ

ವೆಬ್ ಕಡೆಯದ್ದು ನಾನು ಹೇಳುತ್ತೇನೆ. ಆಪ್ಟಿಕಲ್ ಅಕ್ಷ ಇರುವ ವೇರಿಯಬಲ್ ಫಾಂಟ್ ಹಾಕಿದರೆ ಬ್ರೌಸರ್ ತಾನಾಗಿಯೇ ಅಳತೆಗೆ ತಕ್ಕ ಚಿತ್ರ ಆರಿಸಿಕೊಳ್ಳುತ್ತದೆ. ವೆಬ್ ಪುಟದ ರೂಪ ಬರೆಯುವ ಸಿಎಸ್‌ಎಸ್‌ನಲ್ಲಿ ‘ಫಾಂಟ್ ಆಪ್ಟಿಕಲ್ ಸೈಜಿಂಗ್’ ಎಂಬ ಗುಣ ಇದೆ, ಏನೂ ಬರೆಯದಿದ್ದರೆ ‘ಆಟೋ’ದಲ್ಲೇ ಇರುತ್ತದೆ. 20 ಪಿಕ್ಸೆಲ್ ಅಕ್ಷರಕ್ಕೆ ಅಕ್ಷದ 20ನೇ ಜಾಗ.

ಆದರೂ ಕೆಲಸ ಮಾಡುತ್ತಿಲ್ಲ ಎಂದು ಜನ ಬರುತ್ತಾರೆ. ಹೆಚ್ಚಾಗಿ ಕಾರಣ ಎರಡು. ಗೂಗಲ್ ಫಾಂಟ್ಸ್‌ನಿಂದ ತರುವಾಗ ವಿಳಾಸದಲ್ಲಿ ಆಪ್ಟಿಕಲ್ ಅಕ್ಷವನ್ನು ಕೇಳಿರುವುದಿಲ್ಲ. ಕೇಳದಿದ್ದರೆ ಅದು ಬರುವುದೂ ಇಲ್ಲ, ಒಂದೇ ಅಳತೆಯ ಚಿತ್ರ ಬರುತ್ತದೆ. ಇನ್ನೊಂದು, ಯಾರೋ ಎಲ್ಲಿಂದಲೋ ತಂದ ಕೋಡಿನಲ್ಲಿ ‘ಫಾಂಟ್ ವೇರಿಯೇಷನ್ ಸೆಟ್ಟಿಂಗ್ಸ್’ ಬರೆದು ಅಕ್ಷಕ್ಕೆ ಕೈಯಾರೆ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಹಾಗೆ ಕೊಟ್ಟರೆ ಆಟೋ ಮಾತು ನಡೆಯುವುದಿಲ್ಲ.

ಡಾರ್ಕ್ ಮೋಡ್ ಇದ್ದರೆ ಅಲ್ಲಿ ಬೇರೆಯಾಗಿ ನೋಡಿ. ಮ್ಯಾಕ್‌ನಲ್ಲಿ ಅಕ್ಷರ ನಯವಾಗಿ ಕಾಣಲಿ ಎಂದು ‘ಫಾಂಟ್ ಸ್ಮೂದಿಂಗ್’ ಅನ್ನು ‘ಆ್ಯಂಟಿಏಲಿಯಸ್ಡ್’ ಮಾಡುವ ಅಭ್ಯಾಸ ಎಲ್ಲರಿಗೂ ಇದೆ. ಅದು ಗೆರೆಯನ್ನು ಇನ್ನೂ ತೆಳ್ಳಗೆ ಮಾಡುತ್ತದೆ. ಡಿಡೋನ್ ಇರುವ ಪುಟದಲ್ಲಿ ಅದನ್ನು ತೆಗೆದುಹಾಕಿ. ಮತ್ತೆ, ಒಂದೇ ತೂಕದ ಫಾಂಟ್ ಹಾಕಿ ಅದನ್ನು ಬೋಲ್ಡ್ ಎಂದು ಕರೆಯಬೇಡಿ. ಶೀರ್ಷಿಕೆಗೆ ಹಾಕುವ ಎಚ್‌1 ಟ್ಯಾಗ್ ತಾನಾಗಿಯೇ ಬೋಲ್ಡ್ ಕೇಳುತ್ತದೆ, ಬ್ರೌಸರ್ ಸುಳ್ಳು ಬೋಲ್ಡ್ ಬಳಿಯುತ್ತದೆ. ಅಬ್ರಿಲ್ ಫ್ಯಾಟ್‌ಫೇಸ್ ಹಾಕಿದ ಎಷ್ಟೋ ಪುಟಗಳಲ್ಲಿ ಅಕ್ಷರದ ಹೊಟ್ಟೆ ಕಟ್ಟಿಕೊಂಡಂತೆ ಕಾಣುವುದು ಇದಕ್ಕೇ. ತೂಕ 400 ಎಂದು ಬರೆಯಿರಿ.

---

ಒತ್ತಕ್ಷರ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದೇ ಥರದ ಇಂಗ್ಲಿಷ್ ಹೆಡ್‌ಲೈನಿನ ಕೆಳಗೆ ಕನ್ನಡ ಹೆಡ್‌ಲೈನ್ ಕೂರಿಸಬೇಕಾದರೆ ಯಾವುದು ಹೊಂದುತ್ತದೆ? ನೋಟೋ ಸೆರಿಫ್ ಕನ್ನಡ ಹಾಕಿದೆ. ಚೆನ್ನಾಗಿದೆ, ಆದರೆ ಎರಡೂ ಒಂದೇ ಮನೆಯವು ಅನಿಸುತ್ತಿಲ್ಲ.

---

ಹಳೇ ಮೊಳೆ

ಅನಿಸುವುದೂ ಬೇಡ. ದಪ್ಪ, ತೆಳುವನ್ನು ಹೊಂದಿಸಲು ಹೋಗಬೇಡಿ, ಪುಟದ ಮೇಲೆ ಬೀಳುವ ಕಪ್ಪನ್ನು ಹೊಂದಿಸಿ. ಎರಡೂ ಸಾಲನ್ನು ಅಚ್ಚು ತೆಗೆದು, ಕಣ್ಣು ಕಿರಿದು ಮಾಡಿ, ಅಕ್ಷರ ಓದಲಾಗದಷ್ಟು ದೂರದಿಂದ ನೋಡಿ. ಒಂದು ಸಾಲು ಇನ್ನೊಂದಕ್ಕಿಂತ ಬಿಳಚಿಕೊಂಡಿದ್ದರೆ ತೂಕ ಬದಲಿಸಿ. ನೋಟೋ ಸೆರಿಫ್ ಕನ್ನಡದಲ್ಲಿ ಹಲವು ತೂಕಗಳಿವೆ, ಆ ಅನುಕೂಲ ಬಳಸಿಕೊಳ್ಳಿ. ಟೈರೋ ಕನ್ನಡ ನೋಡಲು ಚೆಂದ, ಆದರೆ ತೂಕ ಒಂದೇ, ಫ್ಯಾಟ್ ಫೇಸ್ ಪಕ್ಕದಲ್ಲಿ ಸೋಲುತ್ತದೆ. ಅನೇಕ್ ಕನ್ನಡದ ಎಕ್ಸ್‌ಟ್ರಾಬೋಲ್ಡ್ ಕೂಡ ಒಮ್ಮೆ ಇಟ್ಟು ನೋಡಿ. ಅದರಲ್ಲಿ ಕಾಂಟ್ರಾಸ್ಟ್ ಕಡಿಮೆ, ಆದರೆ ಕಪ್ಪು ಸರಿಸಮ ಬರುತ್ತದೆ. ಲೀಡಿಂಗ್ (ಸಾಲಿನಿಂದ ಸಾಲಿಗೆ ಇರುವ ಅಂತರ) ಮಾತ್ರ ಇಂಗ್ಲಿಷಿನದನ್ನೇ ಕನ್ನಡಕ್ಕೆ ಕೊಡಬೇಡಿ, ನಿಮ್ಮ ಹೆಸರೇ ಕೆಳಗಿನ ಸಾಲಿಗೆ ಡಿಕ್ಕಿ ಹೊಡೆಯುತ್ತದೆ.

---

ಪುಟಗಾರ್ತಿ

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಪತ್ರಿಕೆಯದೇ ಕಾಗದದ ಮೇಲೆ ಪ್ರೂಫ್ ತೆಗೆಸಿದೆ. ಒಂದೇ ಪುಲ್‌ಕೋಟನ್ನು 18 ಪಾಯಿಂಟಿನಲ್ಲಿ ಅಬ್ರಿಲ್ ಫ್ಯಾಟ್‌ಫೇಸ್, ಬೊದೋನಿ ಮೋಡಾ, ಡಿಎಂ ಸೆರಿಫ್ ಡಿಸ್‌ಪ್ಲೇ, ಡಿಎಂ ಸೆರಿಫ್ ಟೆಕ್ಸ್ಟ್ ನಾಲ್ಕರಲ್ಲೂ ಹಾಕಿದೆ. ಕಪ್ಪಿನಲ್ಲಿ ಒಮ್ಮೆ, ಫೋಟೋ ಮೇಲೆ ಬಿಳಿಯಲ್ಲಿ ಒಮ್ಮೆ.

ಬೊದೋನಿ ಮೋಡಾ ಸಣ್ಣ ಅಳತೆಯ ಚಿತ್ರದಲ್ಲಿ ಎಷ್ಟು ಗಟ್ಟಿಯಾಗಿದೆ ಅಂದರೆ ಅದು ಬೊದೋನಿಯೇ ಅನ್ನುವುದು ಮರೆತುಹೋಗುತ್ತದೆ. ಓದಲು ಸರಿ, ಆದರೆ ಮುಖಪುಟದ ಜೊತೆ ನೆಂಟಸ್ತಿಕೆ ಕಾಣಲಿಲ್ಲ. ಡಿಎಂ ಸೆರಿಫ್ ಟೆಕ್ಸ್ಟ್ ಗೆದ್ದಿತು. ಫೋಟೋ ಮೇಲೆ ಬಿಳಿಯಲ್ಲೂ ‘ಇ’ಯ ಅಡ್ಡಗೆರೆ ಪೂರ್ತಿ ಇದೆ. ಅಬ್ರಿಲ್‌ನ ಬಿಳಿ ಪ್ರೂಫ್ ಮಾತ್ರ ಹಳೇ ಮೊಳೆಯವರು ಹೇಳಿದ ಹಾಗೇ ಆಗಿದೆ. ಸಂಪಾದಕರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. "ಅದೇ, ನಾನು ಹೇಳಿದ್ದೂ ಇದನ್ನೇ, ದಪ್ಪ ಮಾಡಿ ಅಂತ" ಅಂದರು. ನಾನು ಏನೂ ಹೇಳಲಿಲ್ಲ.

ಈಗಿನ ಯೋಚನೆ: ಮುಖಪುಟದಲ್ಲಿ ಅಬ್ರಿಲ್ ಫ್ಯಾಟ್‌ಫೇಸ್ ಇರಲಿ, ಮೂರು ನಾಲ್ಕು ಪದ ಮಾತ್ರ. ಒಳಪುಟದ ಶೀರ್ಷಿಕೆಗೆ ಡಿಎಂ ಸೆರಿಫ್ ಡಿಸ್‌ಪ್ಲೇ, ಪುಲ್‌ಕೋಟಿಗೆ ಟೆಕ್ಸ್ಟ್. ಪ್ರಬಂಧದ ಪಠ್ಯಕ್ಕೆ ಸೋರ್ಸ್ ಸೆರಿಫ್. ಇದು ಜಗಳ ಆಡುತ್ತದಾ? ಇನ್ನೊಂದು, ಮುಖಪುಟದ ದೊಡ್ಡ ಅಕ್ಷರಗಳ ನಡುವಿನ ಜಾಗ ಎಷ್ಟು ಸರಿಮಾಡಿದರೂ ಒಂದು ಕಡೆ ಹರಿದ ಹಾಗೆ ಕಾಣುತ್ತದೆ.

---

ಹಳೇ ಮೊಳೆ

ಒಳಪುಟದಲ್ಲಿ ಜಗಳ ಇಲ್ಲ. ಡಿಎಂ ಸೆರಿಫ್ ಹುಟ್ಟಿದ್ದೇ ಸೋರ್ಸ್ ಸೆರಿಫ್‌ನಿಂದ, ಮೂಳೆ ಒಂದೇ. ಪಠ್ಯಕ್ಕೆ ಸೋರ್ಸ್ ಸೆರಿಫ್ 4 ತೆಗೆದುಕೊಳ್ಳಿ, ಅದರಲ್ಲಿ ಆಪ್ಟಿಕಲ್ ಅಕ್ಷ ಇದೆ, ಫೋಟೋ ಅಡಿಬರಹಕ್ಕೂ ಆಗುತ್ತದೆ. ಮುಖಪುಟದ ಅಬ್ರಿಲ್ ಬೇರೆ ಮನೆಯದು. ಆದರೆ ಮುಖಪುಟ, ಒಳಪುಟ ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲವಲ್ಲ, ನಡೆಯುತ್ತದೆ. ಎರಡನ್ನೂ ಒಂದೇ ಪುಟಕ್ಕೆ ಮಾತ್ರ ತರಬೇಡಿ. ಹತ್ತಿರ ಹತ್ತಿರದ ಎರಡು ದಪ್ಪ ಸೆರಿಫ್ ಪಕ್ಕಪಕ್ಕ ಇದ್ದರೆ ಯಾವುದೋ ಒಂದು ತಪ್ಪಿ ಬಂದದ್ದು ಅನಿಸುತ್ತದೆ.

ಜಾಗದ ವಿಷಯ. ಮೊದಲು ಪೂರ್ತಿ ಸಾಲಿಗೆ ಟ್ರ್ಯಾಕಿಂಗ್, ಅಂದರೆ ಎಲ್ಲ ಅಕ್ಷರಗಳ ನಡುವಿನ ಜಾಗ, ಸ್ವಲ್ಪ ಬಿಗಿ ಮಾಡಿ, ಮೈನಸ್ 10ರಿಂದ ಮೈನಸ್ 20. ಆಮೇಲೆ ಜೋಡಿ ಜೋಡಿಯಾಗಿ ಅಕ್ಷರಗಳ ಅಂತರ ತಿದ್ದುವ ಕರ್ನಿಂಗ್ ಕೈಯಿಂದಲೇ ಮಾಡಬೇಕು, ಸಾಫ್ಟ್‌ವೇರ್ ಮೇಲೆ ಬಿಡಬೇಡಿ. ದೊಡ್ಡ ‘ಟಿ’ ಪಕ್ಕದಲ್ಲಿ ಸಣ್ಣ ‘ಓ’, ‘ಎ’ ಪಕ್ಕದಲ್ಲಿ ‘ವಿ’, ‘ಎಲ್’ ಪಕ್ಕದಲ್ಲಿ ‘ವೈ’, ಇಲ್ಲೆಲ್ಲ ಬಿಳಿ ಬಾಯಿ ತೆರೆದಿರುತ್ತದೆ. ಎಡವುವುದು ಇನ್ನೊಂದು ಕಡೆ: ಎರಡು ನೇರ ಕಂಬ ಪಕ್ಕಪಕ್ಕ ಬಂದಾಗ, ಅಂದರೆ ‘ಐ’ ಪಕ್ಕದಲ್ಲಿ ‘ಎಲ್’ ಬಂದ ಹಾಗೆ, ಕಪ್ಪು ಗೋಡೆಯಾಗುತ್ತದೆ. ಅಲ್ಲಿ ಬಿಡಿಸಬೇಕು. ಪುಟವನ್ನು ತಲೆಕೆಳಗು ಮಾಡಿ ನೋಡಿದರೆ ಪದ ಓದುವ ಚಾಳಿ ತಪ್ಪಿ ಬರೀ ಕಪ್ಪು ಬಿಳುಪು ಕಾಣುತ್ತದೆ, ಹರಿದ ಜಾಗ ತಕ್ಷಣ ಗೊತ್ತಾಗುತ್ತದೆ.

ಫ್ಯಾಟ್ ಫೇಸಿನ ಉದ್ಧರಣ ಚಿಹ್ನೆ, ಅಲ್ಪವಿರಾಮಗಳ ತಲೆ ಬಲು ದಪ್ಪ. 96 ಪಾಯಿಂಟಿನಲ್ಲಿ ಅಕ್ಷರಕ್ಕಿಂತ ಅವೇ ಮೊದಲು ಕಣ್ಣಿಗೆ ಬೀಳುತ್ತವೆ. ಅವನ್ನು ಮಾತ್ರ ಸ್ವಲ್ಪ ಚಿಕ್ಕದು ಮಾಡಿ, ಸಾಲಿನ ಅಂಚಿನಿಂದ ಹೊರಗೆ ತಳ್ಳಿ. ಎರಡು ಸಾಲಿನ ಹೆಡ್‌ಲೈನಿಗೆ ಲೀಡಿಂಗ್ ಅಕ್ಷರದ ಅಳತೆಗಿಂತ ಒಂದಿಷ್ಟು ಕಡಿಮೆ ಇಟ್ಟುಕೊಳ್ಳಿ, 96ಕ್ಕೆ 92ರ ಹಾಗೆ. ಮೇಲಿನ ಸಾಲಿನ ‘ಜಿ’ ಅಥವಾ ‘ವೈ’ಯ ಬಾಲ ಕೆಳಗಿನ ‘ಎಚ್’ ತಲೆಗೆ ತಾಗುತ್ತದಾ ನೋಡಿ. ತಾಗಿದರೆ ಲೀಡಿಂಗ್ ಹೆಚ್ಚಿಸಬೇಡಿ, ಸಾಲನ್ನು ಬೇರೆ ಪದದಲ್ಲಿ ಮುರಿಯಿರಿ.

ಬಿಳಿ ಅಕ್ಷರ ಇನ್ನೂ ಫೋಟೋ ಮೇಲೇ ಇರುವುದಾದರೆ, ಅಕ್ಷರ ಬೀಳುವ ಜಾಗದಲ್ಲಿ ಫೋಟೋದ ಕತ್ತಲು ನಾಲ್ಕೂ ಬಣ್ಣ ಸೇರಿ ಆಗಿದೆಯಾ ನೋಡಿ. ಆಗಿದ್ದರೆ ಕಪ್ಪು ಪ್ಲೇಟಿನ ಪಾಲು ಹೆಚ್ಚಿಸಿ, ಮಿಕ್ಕ ಮೂರನ್ನು ಇಳಿಸಿ ಕೊಡಿ ಎಂದು ಫೋಟೋ ತಿದ್ದುವವರಿಗೆ ಹೇಳಿ. ಪ್ಲೇಟ್ ಸರಿದರೂ ಬಿಳಿಗೆರೆ ಒಳಗೆ ನುಗ್ಗುವ ಬಣ್ಣ ತೆಳುವಾಗಿರುತ್ತದೆ.

---

ಪುಟಗಾರ್ತಿ

ಮುಖಪುಟದ ಶೀರ್ಷಿಕೆಯಲ್ಲಿ ‘ಐ’ ಪಕ್ಕದಲ್ಲೇ ‘ಎಲ್’ ಇದೆ, ಎರಡು ಸಲ. ತಲೆಕೆಳಗು ಮಾಡಿ ನೋಡಿದೆ, ಹರಿದದ್ದು ಅಲ್ಲೇ ಅಲ್ಲ, ಅದರ ಹಿಂದಿನ ಜೋಡಿಯಲ್ಲಿ. ಈಗ ಸರಿ ಮಾಡುತ್ತಿದ್ದೇನೆ. ಫೋಟೋದವರಿಗೆ ಕಪ್ಪು ಪ್ಲೇಟಿನ ಮಾತು ಹೇಳಿದ್ದೇನೆ, ನಾಳೆ ಹೊಸ ಫೈಲ್ ಕೊಡುತ್ತಾರಂತೆ.